ಕಿಟಕಿಗೆ ಅಡ್ಡ ಬಂದ ಬೋರ್ಡು

ನಗರ ಯೋಜನಾಧಿಕಾರಿಗಳಿಗೆ ನಮಸ್ಕಾರ.

ಕೆಳಗೆ ಅಂಗಡಿ, ಮೇಲೆ ಮನೆಗಳಿರುವ ನಮ್ಮ ಕಟ್ಟಡದಲ್ಲಿ ಗಡಿಯಾರ ರಿಪೇರಿಯವರ ಬೋರ್ಡು ನಿಯಮಕ್ಕಿಂತ ಎರಡಡಿ ಎತ್ತರವಾಗಿ ನಮ್ಮ ಕಿಟಕಿಗೆ ಅಡ್ಡ ಬಂದಿದೆಯೆಂದು ದೂರು ಕೊಟ್ಟವಳು ನಾನೇ. ಅದನ್ನು ಹಿಂಪಡೆಯುತ್ತಿದ್ದೇನೆ.

ತಗಡಿನಲ್ಲಿ ಕೊರೆದ ಆ ಅಕ್ಷರಗಳು ಸಂಜೆಬಿಸಿಲಿನ ಜೊತೆ ಒಳಬಂದು, ಗೋಡೆಯ ಮೇಲೆ ನೀರಿನಲ್ಲಿದ್ದಂತೆ ನಿಧಾನವಾಗಿ ಸರಿಯುತ್ತವೆ. ನಮ್ಮಮ್ಮ ನಿವೃತ್ತ ಶಿಕ್ಷಕಿ. ಪಾರ್ಶ್ವವಾಯುವಾದ ಮೇಲೆ ಏಳು ತಿಂಗಳು ಮಾತಿಲ್ಲದೆ ಮಲಗಿದ್ದವರು, ಮೊನ್ನೆ ಗೋಡೆಯನ್ನೇ ನೋಡುತ್ತಾ, “ಘಡಿಯಾರ ಅಲ್ವೋ ದಡ್ಡ, ಗಡಿಯಾರ!” ಎಂದರು. ನಿನ್ನೆ, “ಇವನ ಕಿವಿ ಹಿಂಡ್ಬೇಕು” ಎಂದೂ ಸೇರಿಸಿದರು.

ದಯವಿಟ್ಟು ಬೋರ್ಡಿಗೆ ವಿನಾಯಿತಿ ಕೊಡಿ. ಕಾಗುಣಿತ ತಿದ್ದಬೇಕೆಂಬ ಷರತ್ತು ಮಾತ್ರ ಹಾಕಬೇಡಿ.

ಇಂತಿ,
ಮೊದಲ ಮಹಡಿಯ ದೂರುದಾರಳು