ನಾನು ಆರಿಸಿದ ಮಾನಿಟರ್

ಪ್ರೀತಿಯ ಕಾಕಾ,

ನೀವು ಹೋಗಿ ನಾಲ್ಕು ವರ್ಷವಾಯಿತು. ಇಷ್ಟು ದಿನ ಯಾಕೆ ಬರೆಯಲಿಲ್ಲವೆಂದರೆ, ಬರೆಯಲು ಮುಖವಿರಲಿಲ್ಲ.

ಕಂಪ್ಯೂಟರ್ ತರಲು ಹೋದ ದಿನ ನೆನಪಿದೆಯೇ? ವಿದ್ಯಾನಗರದ ನಮ್ಮ ಸ್ಟುಡಿಯೋಗೆ ಅದೇ ಮೊದಲನೆಯದು. ಅಪ್ಪನ ಕಾಲದಿಂದ ಅಲ್ಲಿ ಕೂತು ಫೋಟೋಗಳನ್ನು ಬ್ರಷ್ಷಿನಿಂದ ತಿದ್ದುತ್ತಿದ್ದವರು ನೀವು, ನನಗೆ ಬ್ರಷ್ ಹಿಡಿಯಲು ಕಲಿಸಿದವರೂ ನೀವೇ. ಅಂಗಡಿಯವನು ರ‍್ಯಾಮ್, ಹಾರ್ಡ್ ಡಿಸ್ಕ್ ಎಂದು ಒದರುತ್ತ ಒಂದು ದೊಡ್ಡ, ಒಂದು ಸಣ್ಣ ಮಾನಿಟರ್ ತೋರಿಸುತ್ತಿದ್ದ, ನಾನು ಎಲ್ಲ ತಿಳಿದವನಂತೆ ತಲೆಯಾಡಿಸುತ್ತಿದ್ದೆ. ನೀವು ಮಾತ್ರ ಚೀಲದಿಂದ ಒಂದು ಫೋಟೋ ತೆಗೆದು, “ತಮ್ಮಾ, ಇದನ್ನ ಸ್ಕ್ಯಾನ್ ಮಾಡಿ ಎರಡೂ ಮಾನಿಟರಿನ್ಯಾಗ ತೋರಸು” ಎಂದಿರಿ. ಫೋಟೋವನ್ನು ಪಕ್ಕದಲ್ಲಿ ಹಿಡಿದು ಎಷ್ಟೋ ಹೊತ್ತು ನೋಡಿದಿರಿ. ನನಗೋ ನಾಚಿಕೆ.

“ಬಸು, ಈ ದೊಡ್ಡದು ಇಲ್ಲದ ಬೆಳಕು ತೋರಸ್ತೈತಿ. ಆ ಸಣ್ಣದು ಖರೇ ಹೇಳತೈತಿ, ಅದನ್ನ ತಗೋ.”

“ಕಾಕಾ, ಇದು ಬ್ರಷ್ಷಿನ ಕೆಲಸಲ್ಲರಿ. ನೀವು ಸುಮ್ನ ಕುಂದರ್ರಿ” ಎಂದುಬಿಟ್ಟೆ. ದೊಡ್ಡದನ್ನೇ ತಂದೆ. ಗಿರಾಕಿಗಳು ಬಾಯಿ ಬಿಟ್ಟು ನೋಡಲಿ ಎಂಬ ಆಸೆ ನನಗೆ.

ಅಮರಗೋಳದ ಮಾರುಕಟ್ಟೆಯಲ್ಲಿ ಅಂಗಡಿಯಿದ್ದ ಕಾಳಿನ ವ್ಯಾಪಾರಿಯೊಬ್ಬರ ಮಗಳ ಮದುವೆ ಆಲ್ಬಮ್ ಮಾಡಿದ್ದು ಅದರಲ್ಲೇ. ಪರದೆಯ ಮೇಲೆ ಬೆಳಕು ಹೆಚ್ಚಾಗಿ ಕಂಡಿತೆಂದು ಪ್ರತಿ ಫೋಟೋದಲ್ಲೂ ಕಡಿಮೆ ಮಾಡಿದೆ. ಲ್ಯಾಬಿನಿಂದ ಬಂದ ಮೊದಲ ಪ್ರಿಂಟನ್ನು ನೀವು ಬಾಗಿಲ ಬೆಳಕಿಗೆ ಒಯ್ದು ನೋಡಿದಿರಿ. “ಹುಡುಗಿ ಕಣ್ಣ ಕಾಣವಲ್ವು. ನೆಳ್ಳಾಗ ನಿಂತಂಗ ಆಗ್ಯಾಳ. ಉಳಿದದ್ದು ಕಳಸಬ್ಯಾಡ, ತಡಿ.” ನಾನು ತಡೆಯಲಿಲ್ಲ. ತಡೆದಿದ್ದರೆ ನನ್ನ ಆಯ್ಕೆ ತಪ್ಪೆಂದು ಒಪ್ಪಬೇಕಿತ್ತಲ್ಲ...

ಹುಡುಗಿಯ ತಂದೆ ಆಲ್ಬಮ್ಮನ್ನು ಕೌಂಟರಿನ ಮೇಲೆ ಬಿಚ್ಚಿಟ್ಟು, “ನನ್ನ ಮಗಳು ಹಿಂಗದಾಳೇನ್ರಿ?” ಎಂದರು. ನಾಲಿಗೆಗೆ ಎಲ್ಲಿಂದ ಬಂತೋ ಕಾಣೆ, “ಕಾಕಾರ ನೋಡಿ ಪಾಸ್ ಮಾಡಿದ್ರು. ಅವರ ಕಣ್ಣು ಈಗ ಮೊದಲಿನಂಗಿಲ್ಲರಿ” ಎಂದೆ. ನೀವು ಅಲ್ಲೇ ಇದ್ದಿರಿ. ಒಮ್ಮೆ ನನ್ನನ್ನು ನೋಡಿದಿರಿ. ಆಮೇಲೆ ಅವರಿಗೆ ಕೈಮುಗಿದು, “ಹೌದ್ರಿ, ನಂದ ತಪ್ಪು” ಎಂದಿರಿ.

ಮರುದಿನದಿಂದ ನೀವು ಬ್ರಷ್ ಮುಟ್ಟಲಿಲ್ಲ. ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತ ಮೂಲೆಯಲ್ಲಿ ಕೂತಿರಿ. ಏನಾದರೂ ತೋರಿಸಿದರೆ, “ನನ್ನ ಕಣ್ಣ ನಂಬಬ್ಯಾಡೋ ಬಸು” ಎನ್ನುತ್ತಿದ್ದಿರಿ. ಅವತ್ತು ನೀವು ನನ್ನ ಮಾನ ಕಾಯ್ದಿರಿ ಎಂದುಕೊಂಡಿದ್ದೆ. ಅಥವಾ ನನ್ನ ಸುಳ್ಳನ್ನು ನಂಬಿಯೇಬಿಟ್ಟಿರಾ? ಕೇಳಬೇಕಿತ್ತು. ನಾಳೆ ಕೇಳಿದರಾಯಿತು ಎನ್ನುತ್ತಲೇ ನಿಮ್ಮನ್ನು ಕಳೆದುಕೊಂಡೆ.

ಹೋದ ತಿಂಗಳು ಆ ದೊಡ್ಡ ಮಾನಿಟರ್ ಸುಟ್ಟುಹೋಯಿತು. ಈ ಸಲ ಅಂಗಡಿಯಲ್ಲಿ ಪ್ರಿಂಟನ್ನು ಪಕ್ಕದಲ್ಲಿ ಹಿಡಿದು, ನೋಡಿಯೇ ಆರಿಸಿದೆ. ತಂದವನೇ ಆ ಮದುವೆಯ ಸಿಡಿ ಹಾಕಿದೆ. ನೀವು ಹೇಳಿದಂತೆಯೇ ಹುಡುಗಿ ನೆರಳಲ್ಲಿ ನಿಂತಿದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಒಂದೊಂದೇ ಫೋಟೋ ತಿದ್ದಿ, ಹೊಸ ಆಲ್ಬಮ್ ಮಾಡಿಸಿ, ಉಣಕಲ್ಲಿನ ಅವರ ಮನೆಗೆ ಒಯ್ದೆ. ತಪ್ಪು ನನ್ನದು, ಅವತ್ತು ಹೇಳಿದ್ದು ಸುಳ್ಳು ಎಂದೆ. ಅವರು ಬೈಯಲಿಲ್ಲ. ಆಲ್ಬಮ್ ತಿರುವುತ್ತ ಒಂದೇ ಮಾತು ಕೇಳಿದರು:

“ಇದನ್ನ ಆ ಹಿರ್ಯಾರಿಗೆ ಹೇಳೀರೇನು?”

ನೀವಿಲ್ಲ ಎನ್ನಲು ಬಾಯಿ ಬರಲಿಲ್ಲ. “ಹೇಳತೇನ್ರಿ” ಎಂದು ಎದ್ದು ಬಂದೆ.

ಕಾಕಾ, ನಿಮ್ಮ ಕಣ್ಣಿಗೆ ಏನೂ ಆಗಿರಲಿಲ್ಲ.

ನಿಮ್ಮ
ಬಸು