ಹೊಸೆದ ತಂತಿ

ಬಾಗಲಕೋಟೆ ಬಸ್ ನಿಲ್ದಾಣ
೧೩ ಮೇ ೨೦೦೮, ಮಧ್ಯಾಹ್ನ ಮೂರು

ಇಳಕಲ್ಲಿನಲ್ಲಿ ಮಗ್ಗದ ಮುಂದೆ ಕೂತ ನನ್ನ ಅವ್ವನಿಗೆ, ಮಹಾನಂದಾಳ ನಮಸ್ಕಾರ.

ಮಗಳು ಆಕಾಶಕ್ಕೆ ಏಣಿ ಹಾಕಿದ್ದಾಳೆಂದು ಓಣಿಗೆಲ್ಲ ಸಾರಿದ್ದೀಯಂತೆ. ಏಣಿ ಇನ್ನೂ ಕೆರೂರಿನ ಗುಡ್ಡದ ಮೇಲೇ ಇದೆ, ಅವ್ವಾ. ಮೋಡಗಳಿಗಿಂತ ಎತ್ತರದಲ್ಲಿ ಒಂದು ಕೆಂಪು ಮಿಂಚು ಹೊಳೆಯುತ್ತದೆ. ಅದನ್ನು ನೋಡುವ ಪೆಟ್ಟಿಗೆ ನಮ್ಮದು. ಸಣ್ಣ ಉಪಗ್ರಹಕ್ಕೆ ಕೂಡಿಸುವ ಮೊದಲು ನೆಲದ ಮೇಲೆ ಪರೀಕ್ಷೆ ಮಾಡುತ್ತಿದ್ದೇವೆ. ಗುಡ್ಡದ ಮೇಲೆ ಒಂದು ಖೋಲಿ, ಅದರ ಮಾಳಿಗೆಯ ಮೇಲೆ ಮಿಂಚಿನ ಸುಳಿವು ಹಿಡಿಯುವ ಎತ್ತರದ ಕಬ್ಬಿಣದ ಕಂಬ. ಸಿಡಿಲು ಬಡಿದರೆ ನೆಲಕ್ಕಿಳಿಸಲು ಕಂಬದಿಂದ ತಾಮ್ರದ ತಂತಿ.

ಮೊನ್ನೆ ಆ ತಂತಿ ತುಂಡಾಯಿತು. ಕೂಡಿಸುವ ಹಿತ್ತಾಳೆ ಕ್ಲ್ಯಾಂಪು ಬಾಗಲಕೋಟೆಯಲ್ಲೇ ಸಿಗಬೇಕು. ಒಂದು ದಿನದ ಪರೀಕ್ಷೆ ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಎಳೆ ಹರಿದಾಗ ನೀನು ಬೂದಿ ಹಚ್ಚಿ ಹೊಸೆಯುತ್ತೀಯಲ್ಲ, ಹಾಗೇ ತಂತಿಯ ಎಳೆ ಬಿಡಿಸಿ ಎರಡೂ ತುದಿಗಳನ್ನು ಹೊಸೆದೆ. ಕೈ ತಾನೇ ಮಾಡಿಬಿಟ್ಟಿತು. ಮೇಲೆ ಟೇಪು ಸುತ್ತಿದೆ.

ನಮ್ಮ ಕಾವಲುಗಾರ ಕನಕಪ್ಪ ಕೇಳಿದ: "ಅಕ್ಕಾರ, ಇದು ತಡೀತೈತೇನ್ರಿ?"

"ನಾ ನೇಕಾರರ ಮಗಳು ತಮ್ಮಾ, ನಾ ಹೊಸೆದದ್ದು ಬಿಚ್ಚೂದಿಲ್ಲ" ಅಂದೆ. ನಕ್ಕ, ನಂಬಿದ.

ಸುಳ್ಳು ಹೇಳಿದೆ ಅವ್ವಾ. ನೂಲಿಗೆ ಸಾಕಾದದ್ದು ಸಿಡಿಲಿಗೆ ಸಾಲದು. ಆ ಗಂಟು ತಡೆಯದಿದ್ದರೆ ಸಿಡಿಲು ಖೋಲಿಯೊಳಗೇ ದಾರಿ ಹುಡುಕುತ್ತದೆ. ಗೊತ್ತಿದ್ದೂ, ಗುಡುಗಿದರೆ ಒಳಗೇ ಕೂಡ್ರು, ಮಿಂಚಿದ ಹೊತ್ತನ್ನೆಲ್ಲ ಬರೆದಿಡು ಎಂದು ಇವತ್ತು ಬೆಳಿಗ್ಗೆ ಅವನಿಗೆ ಹೇಳಿ ಬಂದೆ. ಸಂಜೆಯೊಳಗೆ ಸರಿಮಾಡಿದರಾಯಿತು ಎಂದುಕೊಂಡಿದ್ದೆ.

ಕ್ಲ್ಯಾಂಪು ಈಗ ನನ್ನ ಚೀಲದಲ್ಲಿದೆ. ಕೆರೂರಿನ ದಿಕ್ಕಿಗೆ ಮೋಡ ಮಸಿಯಾಗಿದೆ. ಗುಡ್ಡದ ಮೇಲೆ ಮೊಬೈಲು ಹತ್ತುವುದಿಲ್ಲ. ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ. ಹೆದರಿಕೆಯಾಗುತ್ತಿದೆ, ಸುಮ್ಮನೆ ಕೂಡ್ರಲಾರದೆ ನಿನಗೆ ಬರೆಯುತ್ತಿದ್ದೇನೆ. ಅಲ್ಲಿ ಕನಕಪ್ಪ ಒಬ್ಬನೇ ಇದ್ದಾನೆ. ಇವತ್ತಾದರೂ ನನ್ನ ಮಾತು ಮೀರಿ ಅವನು ಗುಡ್ಡ ಇಳಿದಿರಲಿ.

ನಿನ್ನ ಮಗಳು,
ಮಹಾನಂದಾ

ತಾ.ಕ.: ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಕನಕಪ್ಪ ಒಬ್ಬನೇ ಎಂದದ್ದು ಖರೆಯಲ್ಲ. ಗುಡ್ಡದ ಕೆಳಗಿನ ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ, "ಗುಡುಗಿದರ ಗಿಡದ ಕೆಳಗ ನಿಲ್ಲಬ್ಯಾಡ್ರಿ, ನಮ್ಮ ಖೋಲಿಗೆ ಓಡಿ ಬರ್ರಿ, ಅಲ್ಲಿ ತಂತಿ ಐತಿ" ಎಂದು ತಿಂಗಳ ಹಿಂದೆ ನಾನೇ ಹೇಳಿದ್ದೆ. ಗುಡ್ಡ ಹತ್ತಿರ ಬಂತು. ಗುಡುಗುತ್ತಿದೆ. ಮುಂದೆ ಅವರ ಗುಂಪಿನ ಮರೆವ್ವ, ಹಿಂದೆ ಏಳೆಂಟು ಮಂದಿ, ತಲೆಗೆ ಸೆರಗು ಹೊದ್ದು ಖೋಲಿಯ ಕಡೆಗೆ ಓಡುತ್ತಿರುವುದು ಕಿಟಕಿಯಿಂದ ಕಾಣುತ್ತಿದೆ.