ಆರ್ಗಾನ್ ಸಿಲಿಂಡರಿಗೆ ಹೂವು ಮುಡಿಸಿದ್ದು

ಚನ್ನರಾಯಪಟ್ಟಣ
೧೯ ನವೆಂಬರ್ ೨೦೨೫

ಪ್ರೀತಿಯ ಬಿಂದು,

ಹೇಗಿದ್ದೀಯವ್ವ? ಹೊತ್ತಿಗೆ ಸರಿಯಾಗಿ ಉಣ್ತಿದ್ದೀಯಾ? ಇಲ್ಲಿ ನನ್ನ ಬಿ.ಪಿ. ಹತೋಟಿಯಲ್ಲಿದೆ, ನಿಮ್ಮಮ್ಮನ ಕೋಪ ಎಂದಿನ ಮಟ್ಟದಲ್ಲೇ ಇದೆ. ತೆಂಗಿನಕಾಯಿ ರೇಟು ಏರಿದ ಮೇಲೆ ಚಟ್ನಿಯಲ್ಲಿ ಕಾಯಿಯನ್ನು ಹುಡುಕಿಕೊಂಡು ತಿನ್ನುತ್ತಿದ್ದೇವೆ.

ರಿಸರ್ಚ್ ಬಿಡ್ತೀನಿ, ತಿಂಗಳ ಕೊನೆಗೆ ಗೈಡ್‌ಗೆ ಕಾಗದ ಕೊಡ್ತೀನಿ ಅಂತ ಅಮ್ಮನ ಹತ್ತಿರ ಅಂದೆಯಂತೆ. ನಿನ್ನ ವಿದ್ಯೆಯಲ್ಲಿ ನನಗೆ ತಿಳಿದದ್ದು ಇಷ್ಟೇ: ಯುರೇನಿಯಂ ಅನ್ನುವುದು ಹೊರಗಿನ ಆರು ಎಲೆಕ್ಟ್ರಾನನ್ನೂ ಕೊಟ್ಟು ಕೈತೊಳೆದುಕೊಂಡರೇ ನೆಮ್ಮದಿಯಾಗಿರುವ ಪ್ರಾಣಿ. ನೀನು ಮೂರನ್ನು ಅದರ ಕೈಯಲ್ಲೇ ಉಳಿಸಿ ಕೂರಿಸುತ್ತೀಯ. ಅದು ಚಡಪಡಿಸುತ್ತೆ, ಗಾಳಿ ಸೋಕಿದರೆ ಸಾಕು, ಆಕ್ಸಿಜನ್ನಿಗೆ ಕೊಟ್ಟು ಕೆಟ್ಟುಹೋಗುತ್ತೆ. ಅದಕ್ಕೇ ಆ ಗಾಜಿನ ಪೆಟ್ಟಿಗೆ, ಅದರ ತುಂಬ ಸಿಲಿಂಡರಿನಿಂದ ಹರಿದು ಬರುವ ಆರ್ಗಾನ್ ಗ್ಯಾಸ್, ಒಳಗೆ ಕೈ ಹಾಕಲು ಉದ್ದನೆ ರಬ್ಬರ್ ಗ್ಲೌಸು. ನಿನ್ನನ್ನೇ ನಾವು ಇಷ್ಟು ಜತನದಿಂದ ಸಾಕಲಿಲ್ಲ.

ಆಯುಧಪೂಜೆ ದಿನ ಲ್ಯಾಬಿಗೆ ಕರೆದೊಯ್ದು ತೋರಿಸಿದೆಯಲ್ಲ, ಜಂಬುನೇರಳೆ ಬಣ್ಣದ ಹರಳು! "ಎಂಟು ತಿಂಗಳು ಹಿಡೀತು ಅಪ್ಪಾ" ಅಂದಾಗ ನಿನ್ನ ಮುಖ ನೋಡಬೇಕಿತ್ತು. ಅವತ್ತೇ ಇಬ್ಬರೂ ಊರಿಗೆ ಬಂದೆವು. ನಾಲ್ಕು ದಿನ ರಜೆ ಮುಗಿಸಿ ನೀನು ಹೋದಾಗ ಉಳಿದದ್ದು ಕಂದು ಪುಡಿ. "ಸಿಲಿಂಡರ್ ವಾಲ್ವ್ ನಾನೇ ಮುಚ್ಚಿ ಮರೆತಿದ್ದೀನಿ, ನನ್ನ ಕೈಯನ್ನ ಇನ್ನು ನಂಬಲ್ಲ" ಅಂತ ಫೋನಿನಲ್ಲಿ ಅತ್ತೆ. ನಾನು ಬಲು ದೊಡ್ಡ ಮನಸ್ಸು ಮಾಡಿ, "ಹೋಗ್ಲಿ ಬಿಡವ್ವ, ಮರೆವು ಯಾರಿಗಿಲ್ಲ" ಅಂದೆ. ಮೂವತ್ತು ವರ್ಷ ಅಂಕಣ ಬರೆದಿದ್ದೀನಿ, ಅಷ್ಟು ನಾಚಿಕೆಗೇಡಿನ ಸಾಲು ಇನ್ನೊಂದಿಲ್ಲ. ಯಾಕೆ ಅಂತ ಬರೆಯಲು ಹೋಗಿ ಎರಡು ಹಾಳೆ ಹರಿದೆ.

ಮೈ ಕಡೆ ನೋಡಿಕೋ. ದೇವರು ನಿನಗೆ ನಿಮ್ಮಪ್ಪನಿಗಿಂತ ಗಟ್ಟಿ ಎದೆ ಕೊಡಲಿ.

ನಿನ್ನ ಅಪ್ಪ,
ಕೃಷ್ಣಪ್ಪ

ಮರೆತ ಮಾತು: ಮರೆತಿರಲಿಲ್ಲ, ಹೆದರಿದ್ದೆ. ನೀನು ಟೀ ತರಲು ಹೋದಾಗ ಸಿಲಿಂಡರಿಗೆ ಸೇವಂತಿಗೆ ಮುಡಿಸಿ ಊದುಕಡ್ಡಿ ಹಚ್ಚಿದೆನಲ್ಲ, ಅದಕ್ಕೆ ಮುಂಚೆ ವಾಲ್ವ್ ಮುಚ್ಚಿದ್ದು ನಾನು. ಮನೆಯಲ್ಲಿ ಗ್ಯಾಸ್ ಮುಚ್ಚದೆ ಪೂಜೆ ಮಾಡಿದರೆ ನಿಮ್ಮಮ್ಮ ಬಿಡ್ತಾಳಾ? ಆರ್ಗಾನ್ ಉರಿಯಲ್ಲ ಅಂತ ಆಮೇಲೆ ಓದಿದೆ. "ಲ್ಯಾಬಲ್ಲಿ ಬೆಂಕಿನಾ ಅಪ್ಪಾ!" ಅಂತ ನೀನು ಕೂಗಿದ ಗಾಬರಿಯಲ್ಲಿ ಮತ್ತೆ ತೆರೆಯಲಿಲ್ಲ. ನೀನು ಅಳುವಾಗಲೇ ನನಗೆ ಹೊಳೆದಿತ್ತು. ಆರು ವಾರ ಬಾಯಿ ಬಿಡಲಿಲ್ಲ. ನಿಮ್ಮ ಗೈಡ್‌ಗೂ ಇದನ್ನೇ ಬರೆದು ಬೆಳಗ್ಗೆ ಸ್ಪೀಡ್ ಪೋಸ್ಟ್ ಮಾಡಿದ್ದೀನಿ. ನನ್ನನ್ನು ಮಾತಾಡಿಸಬೇಡ ಬೇಕಾದರೆ. ರಿಸರ್ಚ್ ಬಿಡುವ ಆ ಕಾಗದ ಮಾತ್ರ ಕೊಡಬೇಡ ಕಣವ್ವ.